ರಫೇಲ್ ಮಾಡೋ ಡಸಾಲ್ಟ್ ಪ್ರೈವೇಟ್ ಜೆಟ್ ಯಾಕೆ ಮಾಡುತ್ತೆ?

ಓದುಗರ ಪ್ರಶ್ನೆ: ಸರ್, ರಫೇಲ್ ಮಾಡೋ ಡಸಾಲ್ಟ್ ಕಂಪನಿ ನಾಗಪುರದಲ್ಲಿ ಫಾಲ್ಕನ್ ಅನ್ನೋ ಪ್ರೈವೇಟ್ ಜೆಟ್ ತಯಾರು ಮಾಡುತ್ತೆ ಅಂತ ಓದಿದೆ. ಯುದ್ಧವಿಮಾನ ಮಾಡೋರಿಗೆ ಶ್ರೀಮಂತರ ಜೆಟ್ ಯಾಕೆ ಬೇಕಿತ್ತು? ಇದು ಅವರ ಸೈಡ್ ಬಿಸಿನೆಸ್ಸಾ? ಯಾವಾಗ ಶುರುವಾಯ್ತು, ಸ್ವಲ್ಪ ವಿವರವಾಗಿ ಹೇಳಿ.

ಉತ್ತರ: ಸೈಡ್ ಬಿಸಿನೆಸ್ ಅಲ್ಲವೇ ಅಲ್ಲ. 2024ರ ಲೆಕ್ಕ ನೋಡಿ, ಆ ವರ್ಷ ಡಸಾಲ್ಟ್ ಡೆಲಿವರಿ ಕೊಟ್ಟ ರಫೇಲ್ 21, ಫಾಲ್ಕನ್ 31. ಅದಕ್ಕೂ ಮುಂಚೆ, ಅಂದ್ರೆ ರಫೇಲ್‌ಗೆ ಹೊರದೇಶದ ಗಿರಾಕಿಗಳೇ ಇಲ್ಲದ ಕಾಲದಲ್ಲಿ, ಕಂಪನಿಗೆ ಬರ್ತಿದ್ದ ದುಡ್ಡಿನಲ್ಲಿ ಎಷ್ಟೋ ವರ್ಷ ದೊಡ್ಡ ಪಾಲು ಫಾಲ್ಕನ್‌ದೇ. ನಮ್ಮ ಕಡೆ ಅಡಿಕೆ ತೋಟ ಇರೋರು ಕೊಟ್ಟಿಗೇಲಿ ಹಸುನೂ ಕಟ್ಟಿರ್ತಾರಲ್ಲ, ಸಸಿ ನೆಟ್ಟು ಫಸಲಿಗೆ ವರ್ಷಗಟ್ಟಲೆ ಕಾಯೋವಾಗ ಮನೆ ನಡೆಯೋದು ಹಾಲಿನ ದುಡ್ಡಲ್ಲಿ, ಹಾಗೇನೇ ಇದು. ಫಾಲ್ಕನ್ ಇರದೇ ಹೋಗಿದ್ರೆ ಇವತ್ತು ಅಂಬಾಲಾ ವಾಯುನೆಲೆಯಲ್ಲಿ ನಿಂತಿರೋ ರಫೇಲ್ ಇರ್ತಿರಲಿಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಯಾಕೆ ಅಂತ ಮೊದಲಿಂದ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ಮೊದಲು ಹೆಸರಿನ ವಿಷಯ. ನಾವು ಡಸಾಲ್ಟ್ ಅಂತೀವಿ, ಫ್ರೆಂಚರು ಹೇಳೋದು ದಾಸೋ ಅಂತ. ಆ ಹೆಸರು ಕಂಪನಿ ಕಟ್ಟಿದ ಮನುಷ್ಯನ ಹುಟ್ಟುಹೆಸರೂ ಅಲ್ಲ. ಆತ 1892ರಲ್ಲಿ ಪ್ಯಾರಿಸ್‌ನಲ್ಲಿ ಯಹೂದಿ ಮನೇಲಿ ಹುಟ್ಟಿದ ಮಾರ್ಸೆಲ್ ಬ್ಲಾಕ್. ವಿಮಾನ ಎಂಜಿನಿಯರಿಂಗ್ ಓದಿದ್ದ, ಮೊದಲನೇ ಮಹಾಯುದ್ಧದಲ್ಲಿ ಸೇನೆಯ ಪ್ರೊಪೆಲ್ಲರ್‌ಗಳು ಸಾಲದು ಅನ್ನಿಸಿ ತಾನೇ ಒಂದನ್ನ ಡಿಸೈನ್ ಮಾಡಿದ, ಮಾಡಿಸಿದ್ದು ಎಲ್ಲಿ ಗೊತ್ತಾ, ಪ್ಯಾರಿಸ್‌ನ ಒಂದು ಪೀಠೋಪಕರಣದ ಅಂಗಡಿಯ ಬಡಗಿಗಳ ಹತ್ರ. ಆಗ ಪ್ರೊಪೆಲ್ಲರ್ ಅಂದ್ರೆ ಮರವೇ ತಾನೆ, ಹಲಗೆಗಳನ್ನ ಒಂದರ ಮೇಲೊಂದು ಅಂಟಿಸಿ ತಿರುವು ಸರಿಯಾಗಿ ಬರೋ ಹಾಗೆ ಕೆತ್ತಬೇಕು, ಆ ಕೈಚಳಕ ಮೇಜು ಕುರ್ಚಿ ಮಾಡೋರ ಹತ್ರ ಇತ್ತು. 1916ರ ಈ ಎಕ್ಲೇರ್ ಪ್ರೊಪೆಲ್ಲರ್ ಫ್ರಾನ್ಸಿನ ಸ್ಪ್ಯಾಡ್ ಫೈಟರ್‌ಗಳಿಗೆ ಹತ್ತಿತು. ಆಮೇಲೆ ಆ ಅಂಗಡಿಯವರ ಮಗಳನ್ನೇ ಮದುವೆ ಆದ. ಯುದ್ಧ ಮುಗಿದ ಮೇಲೆ ಆರ್ಡರ್ ನಿಂತುಹೋಯ್ತು, ಹತ್ತು ವರ್ಷದ ಹತ್ರ ಪೀಠೋಪಕರಣ, ಮನೆ ಕಟ್ಟಿಸೋದು ಇದೇ ಕಸುಬು. ಸರ್ಕಾರದ ಆರ್ಡರ್ ನಿಂತರೆ ವಿಮಾನದವನ ಒಲೆ ಆರುತ್ತೆ ಅನ್ನೋದನ್ನ ಆತ ಚಿಕ್ಕ ವಯಸ್ಸಲ್ಲೇ ಕಂಡಿದ್ದು ಹೀಗೆ.

1930ರ ಹೊತ್ತಿಗೆ ವಾಪಸ್ ವಿಮಾನಕ್ಕೆ ಬಂದ, ಬಾಂಬರ್ ಫೈಟರ್ ಎಲ್ಲ ಮಾಡಿದ, ಅಷ್ಟರಲ್ಲಿ 1936ರಲ್ಲಿ ಬಂದ ಸರ್ಕಾರ ಶಸ್ತ್ರಾಸ್ತ್ರ ಕಾರ್ಖಾನೆಗಳನ್ನ ರಾಷ್ಟ್ರೀಕರಣ ಮಾಡ್ತು. ಎರಡನೇ ಮಹಾಯುದ್ಧದಲ್ಲಿ ಜರ್ಮನರಿಗೆ ಕೆಲಸ ಮಾಡಿಕೊಡಲ್ಲ ಅಂದ, ಜೈಲಾಯ್ತು, 1944ರ ಆಗಸ್ಟ್‌ನಲ್ಲಿ ಬೂಕೆನ್‌ವಾಲ್ಡ್ ಯಾತನಾ ಶಿಬಿರಕ್ಕೆ ಹಾಕಿದ್ರು. 1945ರ ಏಪ್ರಿಲ್‌ನಲ್ಲಿ ಬಿಡುಗಡೆ ಆದಾಗ ಆತನ ಸ್ಥಿತಿ ನೋಡೋ ಹಾಗಿರಲಿಲ್ಲ, ವಯಸ್ಸು 53. ಅಲ್ಲಿಂದ ಮತ್ತೆ ಶುರು. ಅಣ್ಣ ಪ್ರತಿರೋಧ ಹೋರಾಟದಲ್ಲಿ ಗುಪ್ತನಾಮ ಇಟ್ಕೊಂಡಿದ್ದ, ಟ್ಯಾಂಕ್ ಅನ್ನೋದಕ್ಕೆ ಫ್ರೆಂಚ್‌ನಲ್ಲಿ ಶಾರ್ ದಾಸೋ ಅಂತಾರೆ, ಅದರಿಂದ ಬಂದ ಹೆಸರು, ಅದನ್ನೇ ಮನೆತನದ ಹೆಸರು ಮಾಡಿಕೊಂಡ್ರು. ಈಗ ಕಂಪನಿ ಗುರುತಿನಲ್ಲಿ ನೀವು ನೋಡೋ ನಾಲ್ಕೆಲೆಯ ಕ್ಲೋವರ್ ಮಾರ್ಸೆಲ್ ಅದೃಷ್ಟದ ಗುರುತು ಅಂತ ಇಟ್ಟುಕೊಂಡಿದ್ದು.

ಯುದ್ಧದ ನಂತರ ಬೇಗಬೇಗ ಮೇಲೆ ಬಂದ್ರು. 1949ರಲ್ಲಿ ಉರಗಾನ್ ಅನ್ನೋ ಜೆಟ್ ಫೈಟರ್ ಹಾರಿತು, ಭಾರತ 1953ರಲ್ಲಿ ಮೊದಲ ಕಂತಾಗಿ 71 ಆರ್ಡರ್ ಮಾಡ್ತು, ನಮ್ಮ ವಾಯುಪಡೆ ಅದಕ್ಕಿಟ್ಟ ಹೆಸರು ತೂಫಾನಿ. ಅಂದ್ರೆ ರಫೇಲ್ ಬಂದ ಮೇಲೆ ಡಸಾಲ್ಟ್ ಜೊತೆ ನೆಂಟಸ್ತನ ಶುರುವಾಯ್ತು ಅಂತ ಅಂದ್ಕೊಂಡಿರೋರು ತಿದ್ದಿಕೊಳ್ಳಿ, ಎಪ್ಪತ್ತು ವರ್ಷ ದಾಟಿದೆ. ತೂಫಾನಿ ಆದ ಮೇಲೆ ಮಿಸ್ತೇರ್ 4ಎ, 1957ರಿಂದ 110 ವಿಮಾನ.

ಈ ಮಿಸ್ತೇರ್ ಹೆಸರು ಹೇಳಿ ಕನ್ನಡಿಗನಾಗಿ ನಾನು ಸುಮ್ಮನೆ ಮುಂದೆ ಹೋಗೋಕಾಗಲ್ಲ. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಹಾರಿಸಿದ್ದು ಇದೇ ವಿಮಾನ. 1965ರ ಸೆಪ್ಟೆಂಬರ್ 7, ಪಾಕಿಸ್ತಾನದ ಸರ್ಗೋಧಾ ವಾಯುನೆಲೆ ಮೇಲೆ ದಾಳಿಗೆ ಹೊರಟ ತಂಡದಲ್ಲಿ ದೇವಯ್ಯನವರು ಸ್ಟ್ಯಾಂಡ್‌ಬೈ, ಆದರೂ ತಂಡ ಸೇರಿಕೊಂಡು ಹೋದ್ರು. ವಾಪಸ್ ಬರೋವಾಗ ಎಫ್-104 ಸ್ಟಾರ್‌ಫೈಟರ್ ಬೆನ್ನು ಹತ್ತಿತು. ಅದು ಶಬ್ದದ ಎರಡರಷ್ಟು ವೇಗದ ವಿಮಾನ, ಮಿಸ್ತೇರ್ ಸಮಮಟ್ಟದ ಹಾರಾಟದಲ್ಲಿ ಶಬ್ದದ ವೇಗ ದಾಟದ ವಿಮಾನ, ಓಡಿ ತಪ್ಪಿಸಿಕೊಳ್ಳೋ ಮಾತೇ ಇಲ್ಲ. ಇವರ ವಿಮಾನಕ್ಕೆ ಪೆಟ್ಟು ಬಿದ್ದಿತ್ತು, ಆದರೂ ತಿರುಗಿ ನಿಂತು ಆ ಸ್ಟಾರ್‌ಫೈಟರನ್ನ ಹೊಡೆದು ಕೆಡವಿದ್ರು, ಅದರ ಪೈಲಟ್ ಹಾರಿ ಬದುಕಿಕೊಂಡ, ನಮ್ಮ ದೇವಯ್ಯನವರು ವಾಪಸ್ ಬರಲೇ ಇಲ್ಲ. ಇಲ್ಲಿ ಯಾರಿಗೂ ಏನಾಯ್ತು ಅಂತ ವರ್ಷಗಟ್ಟಲೆ ಗೊತ್ತಾಗಲಿಲ್ಲ, ಆ ಕಡೆಯ ದಾಖಲೆಗಳಿಂದ ವಿಷಯ ಹೊರಬಂದ ಮೇಲೆ 1988ರಲ್ಲಿ ಮರಣೋತ್ತರ ಮಹಾವೀರ ಚಕ್ರ ಕೊಟ್ರು. ನಿಧಾನದ ವಿಮಾನ ಆದ್ರೂ ಕೈಗೆ ಹಗುರವಾಗಿ ತಿರುಗೋ ವಿಮಾನ ಅದು, ಆ ಗುಣ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಈಗ ನಿಮ್ಮ ಪ್ರಶ್ನೆಗೆ ಬರ್ತೀನಿ. 60ರ ದಶಕದ ಶುರುವಿನಲ್ಲಿ ಡಸಾಲ್ಟ್ ಒಂದು ಸಣ್ಣ ಜೆಟ್ ಶುರು ಮಾಡ್ತು, ಹೆಸರು ಮಿಸ್ತೇರ್ 20. ಹೌದು, ಅದೇ ಫೈಟರ್ ಹೆಸರು. ಬಾಗಿದ ರೆಕ್ಕೆ, ವೇಗದಲ್ಲೂ ನಿಧಾನದಲ್ಲೂ ಹತೋಟಿ ತಪ್ಪದ ಹಾಗೆ ಇರೋ ಕಂಟ್ರೋಲ್, ಇದೆಲ್ಲ ಆ ಫೈಟರ್‌ಗಳಲ್ಲಿ ಕಲಿತ ಪಾಠದಿಂದಲೇ ಬಂದಿದ್ದು. 1963ರ ಮೇ 4ಕ್ಕೆ ಬೋರ್ಡೋ ಊರಿನ ಮೆರಿನ್ಯಾಕ್‌ನಲ್ಲಿ ಮೊದಲ ಹಾರಾಟ. ಅದೇ ಸಮಯಕ್ಕೆ ಅಮೆರಿಕದ ಪ್ಯಾನ್ ಆಮ್ ಏರ್‌ಲೈನ್ಸ್ ಬಿಸಿನೆಸ್ ಜೆಟ್ ಮಾರೋ ವಿಭಾಗ ತೆಗೀಬೇಕು ಅಂತ ಯುರೋಪಿನ ವಿಮಾನ ಎಲ್ಲ ನೋಡೋಕೆ ಜನ ಕಳಿಸಿತ್ತು, ಆ ತಂಡದಲ್ಲಿದ್ದದ್ದು ಚಾರ್ಲ್ಸ್ ಲಿಂಡ್‌ಬರ್ಗ್, 1927ರಲ್ಲಿ ಒಬ್ಬನೇ ಅಟ್ಲಾಂಟಿಕ್ ದಾಟಿ ಪ್ಯಾರಿಸ್‌ನಲ್ಲಿ ಇಳಿದ ಅದೇ ಲಿಂಡ್‌ಬರ್ಗ್. ಮಿಸ್ತೇರ್ 20 ನೋಡಿ ಮೇಲಿನವರಿಗೆ ತಂತಿ ಕಳಿಸಿದ್ರು, ನಮ್ಮ ಹಕ್ಕಿ ಸಿಕ್ಕಿತು ಅಂತ. ಪ್ಯಾನ್ ಆಮ್ 40 ವಿಮಾನಕ್ಕೆ ಆರ್ಡರ್ ಕೊಡ್ತು, ಇನ್ನೂ 120 ಬೇಕಾದ್ರೆ ತಗೊಳ್ಳೋ ಹಕ್ಕು ಇಟ್ಕೊಳ್ತು. ಇನ್ನೂ ಸರಿಯಾಗಿ ಟೆಸ್ಟೇ ಮುಗಿಯದ ವಿಮಾನಕ್ಕೆ ಇಷ್ಟು ದೊಡ್ಡ ಆರ್ಡರ್!

ಆದರೆ ಪ್ಯಾನ್ ಆಮ್ ಕಣ್ಣು ಮುಚ್ಚಿ ಕೊಟ್ಟಿದ್ದಲ್ಲ. ಎಂಜಿನ್ ಬದಲಾಯಿಸಿ ಅಂದ್ರು, ಪ್ರಾಟ್ ಅಂಡ್ ವಿಟ್ನಿ ಟರ್ಬೋಜೆಟ್ ಹೋಗಿ ಜನರಲ್ ಎಲೆಕ್ಟ್ರಿಕ್‌ನ ಸಿಎಫ್700 ಬಂತು. ಈ ಸಿಎಫ್700 ವಿಚಿತ್ರ ಎಂಜಿನ್, ಟರ್ಬೋಫ್ಯಾನ್ ಅಂದ್ರೆ ಗಾಳಿ ತಳ್ಳೋ ದೊಡ್ಡ ಫ್ಯಾನ್ ಇರೋ ಜೆಟ್ ಎಂಜಿನ್, ಮಾಮೂಲಿಯಾಗಿ ಆ ಫ್ಯಾನ್ ಮುಂದುಗಡೆ ಇರುತ್ತೆ, ಇದರಲ್ಲಿ ಹಿಂದುಗಡೆ, ಯುದ್ಧವಿಮಾನಕ್ಕೆ ಮಾಡಿದ ಸಣ್ಣ ಎಂಜಿನ್ ಒಂದರ ಬಾಲಕ್ಕೆ ಫ್ಯಾನ್ ಸಿಕ್ಕಿಸಿದ ಹಾಗೆ. ಇಂಧನ ಕಮ್ಮಿ ಕುಡಿಯುತ್ತೆ, ನೂಕುಬಲ ಜಾಸ್ತಿ. ಲ್ಯಾಂಡಿಂಗ್ ಗೇರ್‌ಗೆ ಒಂದೊಂದೇ ಗಾಲಿ ಬದಲು ಜೋಡಿ ಗಾಲಿ ಬಂತು. ಮಿಸ್ತೇರ್ ಅಂದ್ರೆ ಅಮೆರಿಕದವರಿಗೆ ನಾಲಗೆ ಹೊರಳಲ್ಲ ಅಂತ ಫ್ಯಾನ್ ಜೆಟ್ ಫಾಲ್ಕನ್ ಅಂತ ಹೆಸರಿಟ್ರು, ಫಾಲ್ಕನ್ ಅನ್ನೋ ಹೆಸರು ಬಂದಿದ್ದು ಅಲ್ಲಿಂದ. 1965ರ ಜೂನ್‌ನಲ್ಲಿ ಜಾಕ್ಲೀನ್ ಓರಿಯೋಲ್ ಅನ್ನೋ ಫ್ರೆಂಚ್ ಮಹಿಳಾ ಟೆಸ್ಟ್ ಪೈಲಟ್ ಇದೇ ವಿಮಾನದಲ್ಲಿ 1,000 ಕಿ.ಮೀ. ದೂರಕ್ಕೆ ಗಂಟೆಗೆ 859 ಕಿ.ಮೀ. ವೇಗದ ಮಹಿಳಾ ದಾಖಲೆ ಮಾಡಿದ್ರು.

ಮುಂದಿನ ಕತೆ ನನಗೆ ತುಂಬಾ ಇಷ್ಟ. ಅಮೆರಿಕದ ಫ್ರೆಡರಿಕ್ ಸ್ಮಿತ್‌ಗೆ ರಾತ್ರೋರಾತ್ರಿ ಪಾರ್ಸೆಲ್ ತಲುಪಿಸೋ ಕಂಪನಿ ಮಾಡೋ ಯೋಚನೆ ಬಂತು, ದೊಡ್ಡ ವಿಮಾನ ತಗೊಂಡ್ರೆ ಅಲ್ಲಿನ ವಿಮಾನಯಾನ ಮಂಡಳಿ ಲೈಸೆನ್ಸ್ ರಗಳೆ, 7,500 ಪೌಂಡ್ ಒಳಗೆ ಸರಕು ಹೊರೋ ವಿಮಾನ ಆದ್ರೆ ಏರ್ ಟ್ಯಾಕ್ಸಿ ಲೆಕ್ಕದಲ್ಲಿ ನಡೆಯುತ್ತೆ. ಆ ಮಿತಿಯೊಳಗೆ ಸರಿಯಾಗಿ ಕೂತಿದ್ದು ಫಾಲ್ಕನ್ 20. ಅರ್ಕನ್ಸಾ ರಾಜ್ಯದ ಲಿಟಲ್ ರಾಕ್‌ನಲ್ಲಿ ಅವುಗಳ ಪಕ್ಕ ಕುಯ್ದು ದೊಡ್ಡ ಸರಕು ಬಾಗಿಲು ಇಟ್ರು. 1973ರ ಏಪ್ರಿಲ್ 17ರ ರಾತ್ರಿ 14 ಫಾಲ್ಕನ್ ಮೆಂಫಿಸ್‌ನಿಂದ ಎದ್ದು 25 ಊರಿಗೆ 186 ಪಾರ್ಸೆಲ್ ತಲುಪಿಸಿದ್ವು. ಅದೇ ಇವತ್ತಿನ ಫೆಡೆಕ್ಸ್. ಶ್ರೀಮಂತರ ಜೆಟ್ ಅಂತ ಕೇಳಿದ್ರಲ್ಲ, ನಿಮ್ಮ ಮನೆ ಬಾಗಿಲಿಗೆ ಬರೋ ಕೊರಿಯರ್ ವ್ಯವಸ್ಥೆಯ ಮೊದಲ ಕುದುರೆಗಳು ಇವೇ. ವೆಂಡಿ ಅನ್ನೋ ಹೆಸರಿನ ಮೊದಲ ಫೆಡೆಕ್ಸ್ ಫಾಲ್ಕನ್ ಈಗ ಸ್ಮಿತ್ಸೋನಿಯನ್ ಮ್ಯೂಸಿಯಮ್ಮಲ್ಲಿದೆ. ಲಿಟಲ್ ರಾಕ್‌ನಲ್ಲಿ ಇವತ್ತಿಗೂ ಫಾಲ್ಕನ್‌ಗಳ ಒಳಾಂಗಣ ಮಾಡೋ ಡಸಾಲ್ಟ್‌ನ ದೊಡ್ಡ ಕಾರ್ಖಾನೆ ಇದೆ.

ಇಷ್ಟೊತ್ತಿಗೆ ಡಸಾಲ್ಟ್‌ಗೆ ಧೈರ್ಯ ಬಂದು ದೊಡ್ಡ ಪ್ರಯಾಣಿಕ ವಿಮಾನಕ್ಕೂ ಕೈ ಹಾಕಿತು, ಹೆಸರು ಮರ್ಕ್ಯೂರ್, 1971ರಲ್ಲಿ ಹಾರಿತು, ಸುಮಾರು 150 ಸೀಟು. ಹತ್ತಿರದ ಊರುಗಳ ನಡುವೆ ಮಾತ್ರ ಹಾರೋಕೆ ಅಂತ ಮಾಡಿದ್ದು, ದೂರ ಹೋಗಲ್ಲ, ಬೋಯಿಂಗ್ 737 ಎದುರಿಗೆ ಯಾರು ತಗೋತಾರೆ, ಒಂದೇ ಒಂದು ಗಿರಾಕಿ ಏರ್ ಇಂಟರ್ ಅನ್ನೋ ಫ್ರೆಂಚ್ ಏರ್‌ಲೈನ್, ಅವರ ಆರ್ಡರ್ ಬರೀ ಹತ್ತು. ಅಲ್ಲಿಗೆ ಆ ಅಧ್ಯಾಯ ಮುಗೀತು. ಪ್ರಯಾಣಿಕ ವಿಮಾನ ಕೈ ಸುಟ್ಟಿತು, ಫೈಟರ್ ಮತ್ತೆ ಬಿಸಿನೆಸ್ ಜೆಟ್ ಎರಡೇ ಉಳೀತು.

ಯಾಕೆ ಇವೆರಡೂ ಒಂದಕ್ಕೊಂದು ಹೊಂದಿಕೊಂಡ್ವು ಅಂದ್ರೆ, ಎರಡೂ ಕಮ್ಮಿ ಸಂಖ್ಯೆಯಲ್ಲಿ, ಕೈಕೆಲಸದ ಥರ, ತಿಂಗಳಿಗೆ ಎರಡು ಮೂರು ತಯಾರಾಗೋ ವಿಮಾನ. ಗಾತ್ರನೂ ತೀರಾ ದೂರ ಇಲ್ಲ. ವರ್ಷಕ್ಕೆ ನೂರಾರು ಏರ್‌ಬಸ್ ಉದುರಿಸೋ ಕಾರ್ಖಾನೆ ಬೇರೆ ಜಾತಿ. ಡಸಾಲ್ಟ್‌ನಲ್ಲಿ ರಫೇಲ್ ಕೊನೆ ಜೋಡಣೆ ಆಗೋದೂ ಮೆರಿನ್ಯಾಕ್‌ನಲ್ಲೇ, ಫಾಲ್ಕನ್ ಜೋಡಣೆ ಆಗೋದೂ ಅಲ್ಲೇ. ಫ್ಲೈಟ್ ಕಂಟ್ರೋಲ್ ಬಿಡಿಭಾಗ ಎರಡಕ್ಕೂ ಆಲ್ಪ್ಸ್ ಬುಡದ ಆರ್ಗೊನೇಯಿಂದ ಬರುತ್ತೆ. ಅದಕ್ಕಿಂತ ಮುಖ್ಯವಾದದ್ದು ಡಿಸೈನ್ ಆಫೀಸು. ಹೊಸ ಫೈಟರ್ ಬರೋದು ಇಪ್ಪತ್ತು ಮೂವತ್ತು ವರ್ಷಕ್ಕೊಂದು, ಅಷ್ಟು ವರ್ಷ ಡಿಸೈನ್ ಮಾಡೋ ಕೈಗಳು ಖಾಲಿ ಕೂತ್ರೆ ವಿದ್ಯೆ ಮರೆತುಹೋಗುತ್ತೆ, ಗೊತ್ತಿದ್ದ ಹಿರಿಯರು ರಿಟೈರ್ ಆಗ್ತಾರೆ, ಹುಡುಗರಿಗೆ ಹೇಳಿಕೊಡೋಕೆ ಕೆಲಸವೇ ಇರಲ್ಲ. ಬೆಂಗಳೂರಲ್ಲಿ ಇದನ್ನ ಕಣ್ಣಾರೆ ಕಂಡಿದ್ದೀವಿ, 60ರ ದಶಕದಲ್ಲಿ ಮಾರುತ್ ಫೈಟರ್ ಮಾಡಿದ ಮೇಲೆ ತೇಜಸ್ ಬರೋವರೆಗೆ ಎಷ್ಟು ದೊಡ್ಡ ಖಾಲಿ ಜಾಗ, ಎಷ್ಟೋ ವಿದ್ಯೆನ ಮತ್ತೆ ಅಆಇಈಯಿಂದ ಕಲೀಬೇಕಾಯ್ತು, ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತೆ. ಡಸಾಲ್ಟ್‌ನಲ್ಲಿ ಆ ಖಾಲಿ ಜಾಗ ತುಂಬಿದ್ದು ಫಾಲ್ಕನ್. 1970ರಲ್ಲಿ ಫಾಲ್ಕನ್ 10, 76ರಲ್ಲಿ ಫಾಲ್ಕನ್ 50, 78ರಲ್ಲಿ ಮಿರಾಜ್ 2000 ಫೈಟರ್, 84ರಲ್ಲಿ ಫಾಲ್ಕನ್ 900, 86ರಲ್ಲಿ ಮೊದಲ ರಫೇಲ್, 93ರಲ್ಲಿ ಫಾಲ್ಕನ್ 2000, ಹೀಗೆ ಒಂದಾದ ಮೇಲೊಂದು, ಕೈ ಬಿಡುವಿಲ್ಲ.

ಇದರಲ್ಲಿ ಫಾಲ್ಕನ್ 50 ಬಗ್ಗೆ ಸ್ವಲ್ಪ ಹೇಳಲೇಬೇಕು. ಅದಕ್ಕೆ ಮೂರು ಎಂಜಿನ್. ಯಾಕಪ್ಪಾ ಮೂರು? ಎರಡು ಎಂಜಿನ್ ವಿಮಾನದಲ್ಲಿ ಒಂದು ಕೆಟ್ಟರೆ ಅರ್ಧ ಶಕ್ತಿ ಹೋಯ್ತು, ಮೂರರಲ್ಲಿ ಒಂದು ಕೆಟ್ಟರೆ ಹೋಗೋದು ಮೂರನೇ ಒಂದು ಭಾಗ. ಸಮುದ್ರದ ಮೇಲೆ ಹೋಗೋವಾಗ, ಸೆಖೆ ಇರೋ ಎತ್ತರದ ಊರಿನ ಚಿಕ್ಕ ರನ್‌ವೇಯಿಂದ ಏಳೋವಾಗ ಈ ವ್ಯತ್ಯಾಸ ಜೀವ ಉಳಿಸುತ್ತೆ. ಮೂರನೇ ಎಂಜಿನ್ ಬಾಲದ ಒಳಗೆ, ಗಾಳಿ ಒಳಗೆ ಹೋಗೋ ಬಾಯಿ ಮಾತ್ರ ವಿಮಾನದ ಬೆನ್ನಿನ ಮೇಲೆ. ನಾನೊಮ್ಮೆ ಇದೇ ಥರ ಮೂರು ಎಂಜಿನ್ ಇರೋ ಫಾಲ್ಕನ್ 7ಎಕ್ಸ್ ಬಾಲದ ಹತ್ರ ಏಣಿ ಹತ್ತಿ ಆ ಬಾಯೊಳಗೆ ಇಣುಕಿದ್ದೆ, ಎಂಜಿನ್ ಕಾಣೋದೇ ಇಲ್ಲ. ಬೆಳ್ಳಗೆ ನುಣುಪಾದ ಕೊಳವೆ ಒಳಗೆ ಹೋಗ್ತಾ ಹೋಗ್ತಾ ಹಾವಿನ ಥರ ಕೆಳಗೆ ಬಾಗಿ ಮತ್ತೆ ನೆಟ್ಟಗಾಗುತ್ತೆ, ಬೆರಳಾಡಿಸಿದ್ರೆ ಒಂದು ರಿವೆಟ್ ತಲೆ ಕೂಡ ಕೈಗೆ ಸಿಗಲಿಲ್ಲ. ಆ ತಿರುವಿನಲ್ಲಿ ಗಾಳಿ ಗೋಡೆ ಬಿಟ್ಟು ಸುಳಿ ಎದ್ರೆ ಎಂಜಿನ್ ಉಸಿರುಕಟ್ಟುತ್ತೆ, ಹಾಗಾಗದ ಹಾಗೆ ತಿರುವನ್ನ ಲೆಕ್ಕ ಹಾಕಬೇಕು, ಫೈಟರ್‌ಗಳ ಗಾಳಿಬಾಯಿ ಮಾಡಿ ಪಳಗಿದವರಿಗೆ ಬರೋ ವಿದ್ಯೆ ಅದು. ಸೂಪರ್‌ಕ್ರಿಟಿಕಲ್ ರೆಕ್ಕೆ ಬಳಸಿದ ಮೊದಲ ಬಿಸಿನೆಸ್ ಜೆಟ್ ಕೂಡ ಇದೇ, ಮೇಲ್ಭಾಗ ಸ್ವಲ್ಪ ಚಪ್ಪಟೆ ಇರೋ ರೆಕ್ಕೆ, ಶಬ್ದದ ವೇಗದ ಹತ್ರ ಹೋದಾಗ ಏಳೋ ಆಘಾತ ತರಂಗ ಹಿಂದಕ್ಕೆ ಸರಿದು ದುರ್ಬಲ ಆಗುತ್ತೆ, ಎಳೆತ ಕಮ್ಮಿ.

ಇನ್ನೊಂದು ದೊಡ್ಡ ಫಲ ಸಾಫ್ಟ್‌ವೇರ್. ಕಂಪ್ಯೂಟರಲ್ಲೇ ಮೂರು ಆಯಾಮದಲ್ಲಿ ವಿಮಾನದ ಮೇಲ್ಮೈ ಬರೆಯೋಕೆ ಅಂತ 70ರ ದಶಕದಲ್ಲಿ ತಮ್ಮ ಬಳಕೆಗೇ ಮಾಡಿಕೊಂಡಿದ್ದು ಕಟಿಯಾ, 1981ರಲ್ಲಿ ಅದನ್ನ ಮಾರೋಕೆ ಡಸಾಲ್ಟ್ ಸಿಸ್ಟಮ್ಸ್ ಅಂತ ಬೇರೆ ಕಂಪನಿ ಆಯ್ತು. ಬೋಯಿಂಗ್ 777 ಪೂರ್ತಿ ಅದರಲ್ಲೇ ಡಿಸೈನ್ ಆಗಿದ್ದು. ಬೆಂಗಳೂರಲ್ಲಿ ಏರೋಸ್ಪೇಸ್ ಕೆಲಸ ಮಾಡೋ ಮೆಕ್ಯಾನಿಕಲ್ ಹುಡುಗ ಹುಡುಗೀರಲ್ಲಿ ಕಟಿಯಾ ಮುಟ್ಟದೇ ಇರೋರು ಕಮ್ಮಿ, ಅದರ ಬೇರು ಈ ಫೈಟರ್ ಕಂಪನಿಯಲ್ಲಿದೆ ಅಂತ ಅವರಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ. ತೇಜಸ್ ಹೇಗಿರಬೇಕು ಅಂತ ರೂಪುರೇಷೆ ಹಾಕೋ ಹಂತದಲ್ಲಿ, 1987-88ರಲ್ಲಿ, ಅದನ್ನ ಡಿಸೈನ್ ಮಾಡಿದ ಬೆಂಗಳೂರಿನ ಎಡಿಎ ಸಂಸ್ಥೆಗೆ ಸಲಹೆಗಾರರಾಗಿದ್ದೂ ಡಸಾಲ್ಟೇ.

ಫೈಟರ್‌ನಿಂದ ಜೆಟ್‌ಗೆ ವಿದ್ಯೆ ಹರಿದ ಅತಿ ಸ್ಪಷ್ಟ ಉದಾಹರಣೆ ಅಂದ್ರೆ ಫ್ಲೈ ಬೈ ವೈರ್. ಪೈಲಟ್ ಕೋಲು ಎಳೆದ್ರೆ ತಂತಿ ರಾಡು ಅಲ್ಲ, ಕಂಪ್ಯೂಟರ್ ರೆಕ್ಕೆ ಬಾಲ ಅಲ್ಲಾಡಿಸೋದು. ಮಿರಾಜ್ 2000ರಲ್ಲಿ ಮಾಡಿದ್ರು, ರಫೇಲ್‌ನಲ್ಲಿ ಬೆಳೆಸಿದ್ರು, 2005ರಲ್ಲಿ ಹಾರಿದ ಫಾಲ್ಕನ್ 7ಎಕ್ಸ್‌ಗೆ ತಂದ್ರು, ಬಿಸಿನೆಸ್ ಜೆಟ್‌ಗಳಲ್ಲಿ ಅದೇ ಮೊದಲು. ಆದರೆ ಎಲ್ಲಾ ಸುಸೂತ್ರ ಆಗ್ಲಿಲ್ಲ. 2011ರ ಮೇ ತಿಂಗಳಲ್ಲಿ ಒಂದು 7ಎಕ್ಸ್ ಕೌಲಾಲಂಪುರದ ಸುಬಾಂಗ್‌ಗೆ ಇಳೀತಿತ್ತು, 13,000 ಅಡಿ ಸುಮಾರಿಗೆ ಇದ್ದಾಗ ಬಾಲದ ಸ್ಟೆಬಿಲೈಸರ್, ಅಂದ್ರೆ ಮೂಗನ್ನ ಮೇಲೆ ಕೆಳಗೆ ಮಾಡೋ ಬಾಲದ ಅಡ್ಡರೆಕ್ಕೆ, ತಾನಾಗೇ ಚಲಿಸಿ ಮೂಗು ಮೇಲಕ್ಕೆ ಎತ್ತೋಕೆ ಶುರು ಮಾಡ್ತು. ಪೈಲಟ್ ಕೋಲು ಮುಂದಕ್ಕೆ ಒತ್ತಿದ್ರೂ ಕೇಳ್ತಿಲ್ಲ, ಮೂಗು 41 ಡಿಗ್ರಿ ಮೇಲೆ, ವೇಗ ಬೀಳ್ತಾ ಇದೆ, ಎತ್ತರ 22,000 ಅಡಿ ದಾಟಿತು. ಇನ್ನು ಸ್ವಲ್ಪ ಹೊತ್ತಿಗೆ ವಿಮಾನ ಸ್ಟಾಲ್ ಆಗಿ, ಅಂದ್ರೆ ರೆಕ್ಕೆ ಎತ್ತೋ ಬಲ ಕಳ್ಕೊಂಡು, ಬೀಳಬೇಕು. ಆಗ ಹಾರಿಸ್ತಿದ್ದವರು ಹಿಂದೆ ಮಿಲಿಟರಿ ವಿಮಾನ ಹಾರಿಸಿದ ಪೈಲಟ್, ಅವರು ಮಾಡಿದ್ದು ಏನು ಗೊತ್ತಾ, ವಿಮಾನವನ್ನ ಪಕ್ಕಕ್ಕೆ ಮಲಗಿಸಿಬಿಟ್ರು, ರೆಕ್ಕೆ ಹೆಚ್ಚುಕಮ್ಮಿ ನೆಟ್ಟಗೆ ನಿಲ್ಲೋ ಅಷ್ಟು. ಮಲಗಿದಾಗ ಆ ಮೇಲೆತ್ತೋ ಬಲ ಆಕಾಶದ ಕಡೆ ಅಲ್ಲ ಪಕ್ಕದ ಕಡೆ ತಿರುಗುತ್ತೆ, ಮೂಗು ತಾನೇ ಕೆಳಗೆ ಬರುತ್ತೆ, ವೇಗ ವಾಪಸ್ ಸಿಗುತ್ತೆ. ಎರಡೂವರೆ ನಿಮಿಷದಲ್ಲಿ ಹತೋಟಿಗೆ ಬಂತು, ಸುರಕ್ಷಿತವಾಗಿ ಇಳಿದ್ರು. ತಕ್ಷಣ ಪ್ರಪಂಚದ ಎಲ್ಲಾ 7ಎಕ್ಸ್ ನೆಲಕ್ಕೆ ನಿಲ್ಲಿಸಿದ್ರು, ತನಿಖೆಯಲ್ಲಿ ಸಿಕ್ಕಿದ್ದು ಸ್ಟೆಬಿಲೈಸರ್ ನಡೆಸೋ ಎಲೆಕ್ಟ್ರಾನಿಕ್ ಡಬ್ಬಿಯೊಳಗೆ ಒಂದು ಪಿನ್‌ನ ಬೆಸುಗೆ ದೋಷ. ಒಂದು ಬೆಸುಗೆ ಚುಕ್ಕೆ! ಫೈಟರ್‌ನಲ್ಲಿ ಕಲಿತ ಕೈ ಅವತ್ತು ವಿಮಾನದಲ್ಲಿದ್ದವರ ಪ್ರಾಣ ಉಳಿಸಿತು.

ಈಗ ದುಡ್ಡಿನ ಮಾತು. ಯುರೋಪಿನ ದೇಶಗಳು ಸೇರಿ ಒಂದು ಫೈಟರ್ ಮಾಡೋಕೆ ಹೊರಟಿದ್ದ ಯೂರೋಫೈಟರ್ ಕೂಟದಿಂದ ಫ್ರಾನ್ಸ್ 1985ರಲ್ಲಿ ಹೊರಬಂದು ಒಂಟಿಯಾಗಿ ರಫೇಲ್ ಮಾಡ್ತು. 1986ರಲ್ಲಿ ಹಾರಿದ ವಿಮಾನಕ್ಕೆ ಮೊದಲ ಹೊರದೇಶದ ಗಿರಾಕಿ ಈಜಿಪ್ಟ್ ಸಿಕ್ಕಿದ್ದು 2015ರಲ್ಲಿ. 29 ವರ್ಷ! ಫ್ರೆಂಚ್ ಸೇನೆಯ ಆರ್ಡರೂ ನಿಧಾನ. ನಮ್ಮ 126 ವಿಮಾನದ ಟೆಂಡರ್ ನೆನಪಿರಬಹುದು, 2009ರಲ್ಲಿ ಬೆಂಗಳೂರಲ್ಲೂ ಟ್ರಯಲ್ ನಡೀತು, ಅದರಲ್ಲಿ 108 ಎಚ್‌ಎಎಲ್‌ನಲ್ಲೇ ತಯಾರಾಗಬೇಕಿತ್ತು, ಮಾತುಕತೆ ಮುರಿದು 2015ರಲ್ಲಿ ಕೈಬಿಟ್ರು, 2016ರಲ್ಲಿ 36ಕ್ಕೆ ಸಹಿ ಬಿತ್ತು. ಬೆಂಗಳೂರಿನ ಕೈ ತಪ್ಪಿದ ಆ ಕೆಲಸದ ಬಗ್ಗೆ ನನಗೆ ಬೇಜಾರು ಇದ್ದೇ ಇದೆ. ಈ 29 ವರ್ಷ ಡಸಾಲ್ಟ್‌ನ ಎಂಜಿನಿಯರ್‌ಗಳ ಸಂಬಳ, ಮೆರಿನ್ಯಾಕ್ ಕಾರ್ಖಾನೆಯ ದೀಪ, ಇದಕ್ಕೆಲ್ಲ ದೊಡ್ಡ ಆಸರೆ ಫಾಲ್ಕನ್. ಈಗ ಲೆಕ್ಕ ತಿರುಗಿದೆ, 2024ರ ಕೊನೆಗೆ ಕೈಯಲ್ಲಿರೋ ಬಾಕಿ ಆರ್ಡರ್ ರಫೇಲ್ 220, ಫಾಲ್ಕನ್ 79, ಈಗ ರಫೇಲ್ ಫಾಲ್ಕನ್‌ನ ಹೊರ್ತಿದೆ. ಹಾಗಂತ ಫಾಲ್ಕನ್‌ಗೆ ಪೆಟ್ಟೇ ಬಿದ್ದಿಲ್ಲ ಅಂತಲ್ಲ. 2008ರ ಆರ್ಥಿಕ ಕುಸಿತದ ಮರುವರ್ಷ ಹೊಸ ಆರ್ಡರ್‌ಗಿಂತ ರದ್ದಾದ ಆರ್ಡರೇ ಜಾಸ್ತಿ ಆಗಿಹೋಗಿತ್ತು. ಫಾಲ್ಕನ್ 5ಎಕ್ಸ್ ಅಂತೂ ಸಿಲ್ವರ್‌ಕ್ರೆಸ್ಟ್ ಎಂಜಿನ್ ಸಮಯಕ್ಕೆ ಸರಿಹೋಗದೆ 2017ರಲ್ಲಿ ನಿಂತೇಹೋಯ್ತು, ಅದರ ದೇಹಕ್ಕೆ ಪ್ರಾಟ್ ಅಂಡ್ ವಿಟ್ನಿ ಎಂಜಿನ್ ಹಾಕಿ 6ಎಕ್ಸ್ ಮಾಡಿ ಮಾರುಕಟ್ಟೆಗೆ ತರೋವಷ್ಟರಲ್ಲಿ 2023 ಮುಗೀತಾ ಬಂದಿತ್ತು.

ವಿದ್ಯೆ ಒಂದೇ ಕಡೆ ಹರೀಲಿಲ್ಲ ಅನ್ನೋದನ್ನೂ ಹೇಳಿಬಿಡ್ತೀನಿ. ಫಾಲ್ಕನ್ನೂ ಯೂನಿಫಾರ್ಮ್ ಹಾಕ್ಕೊಂಡಿದೆ. ಅಮೆರಿಕದ ಕರಾವಳಿ ಕಾವಲು ಪಡೆ 1977ರಲ್ಲಿ 41 ಫಾಲ್ಕನ್ 20 ಆರ್ಡರ್ ಮಾಡ್ತು, ಗಾರ್ಡಿಯನ್ ಅಂತ ಹೆಸರು, 1991ರ ಕೊಲ್ಲಿ ಯುದ್ಧದಲ್ಲಿ ಸಮುದ್ರಕ್ಕೆ ಚೆಲ್ಲಿದ ಎಣ್ಣೆ ಎಲ್ಲೆಲ್ಲಿ ಹರಡಿದೆ ಅಂತ ನೋಡಿದ್ದು ಇವುಗಳಲ್ಲಿ. ಫ್ರಾನ್ಸ್ ಒಂದು ಫಾಲ್ಕನ್ 20ಕ್ಕೆ ಮಿರಾಜ್‌ನ ರೇಡಾರ್ ಮೂಗು ಸಿಕ್ಕಿಸಿ ಅದರಲ್ಲೇ ಅಣುಬಾಂಬ್ ಪಡೆಯ ಪೈಲಟ್‌ಗಳಿಗೆ ತರಬೇತಿ ಕೊಟ್ಟಿತ್ತು. ಈಗ ಫ್ರೆಂಚ್ ನೌಕಾಪಡೆಗೆ ಸಮುದ್ರ ಕಾವಲಿನ ಆಲ್ಬಟ್ರೋಸ್ ಫಾಲ್ಕನ್ 2000ದಿಂದ, ಫ್ರೆಂಚ್ ವಾಯುಪಡೆಗೆ ವೈರಿ ರೇಡಾರ್ ಸಂಕೇತ ಕದ್ದು ಕೇಳೋ ಆರ್ಕಾಂಜ್ ಫಾಲ್ಕನ್ 8ಎಕ್ಸ್‌ನಿಂದ ತಯಾರಾಗ್ತಿವೆ.

ಇನ್ನು ನಾಗಪುರ. ಅಲ್ಲಿ ರಿಲಯನ್ಸ್ ಜೊತೆಗಿನ ಜಂಟಿ ಕಂಪನಿ 2017ರಲ್ಲಿ ಅಡಿಗಲ್ಲು ಹಾಕಿ ಫಾಲ್ಕನ್ 2000ದ ಬಿಡಿಭಾಗ ಮಾಡ್ಕೊಂಡು ಬಂದಿದೆ, 2025ರ ಜೂನ್‌ನಲ್ಲಿ ಪ್ಯಾರಿಸ್ ಏರ್ ಶೋದಲ್ಲಿ ಪೂರ್ತಿ ಫಾಲ್ಕನ್ 2000ಎಲ್‌ಎಕ್ಸ್‌ಎಸ್ ಅಲ್ಲೇ ಜೋಡಣೆ ಆಗುತ್ತೆ ಅಂತ ಹೇಳಿದ್ರು, ಮೊದಲ ಹಾರಾಟ 2028ರ ಹೊತ್ತಿಗೆ ಅಂತ. ಫ್ರಾನ್ಸಿನ ಹೊರಗೆ ಪೂರ್ತಿ ಫಾಲ್ಕನ್ ಜೋಡಣೆ ಆಗೋದು ಇದೇ ಮೊದಲು. ಹೈದರಾಬಾದಲ್ಲಿ ಟಾಟಾದವರು ರಫೇಲ್‌ನ ದೇಹದ ಭಾಗ ಮಾಡೋಕೆ ಒಪ್ಪಂದ ಆಗಿದ್ದೂ ಅದೇ ತಿಂಗಳು, ಅದಕ್ಕೆ ಎರಡು ತಿಂಗಳ ಮುಂಚೆ ನಮ್ಮ ನೌಕಾಪಡೆಗೆ 26 ರಫೇಲ್ ಮರೈನ್‌ಗೆ ಸಹಿ ಬಿದ್ದಿತ್ತು. ನೋಡಿ, ಭಾರತಕ್ಕೂ ಎರಡೂ ಜೋಡಿಯಾಗೇ ಬರ್ತಿವೆ. 2028ರಲ್ಲಿ ನಾಗಪುರದ ರನ್‌ವೇಯಿಂದ ಏಳೋ ಆ ಮೊದಲ ವಿಮಾನದ ಫೋಟೋ ಬಂದಾಗ ರೆಕ್ಕೆಯ ಮುಂದಿನ ಅಂಚು ಸ್ವಲ್ಪ ಗಮನಿಸಿ, ಏಳೋವಾಗ ಇಳಿಯೋವಾಗ ಅಲ್ಲಿ ಸ್ಲ್ಯಾಟ್ ಅನ್ನೋ ಪಟ್ಟಿ ಮುಂದಕ್ಕೆ ಬಂದು ಕೆಳಗೆ ಬಾಗುತ್ತೆ, ನಿಧಾನದಲ್ಲೂ ವಿಮಾನ ಕೈಗೆ ಸಿಗೋ ಹಾಗೆ. ದೇವಯ್ಯನವರ ಮಿಸ್ತೇರ್ ಬಗ್ಗೆ ನೆನಪಿಟ್ಟುಕೊಳ್ಳಿ ಅಂದಿದ್ದು ಈ ಗುಣಕ್ಕೇ.